ಆಚೆಯಿಂದ ತೆಗೆಯುವ ಬಾಗಿಲು

ನಮ್ಮ ಊರಿನಲ್ಲಿ ಕಾರು ಕೊಂಡವರಿಗೆ ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಅದರ ಬಾಗಿಲು ಒಳಗಿನಿಂದ ತೆರೆದುಕೊಳ್ಳುವುದು ನಿಂತುಹೋಗುತ್ತದೆ. ಯಾವ ಕಂಪನಿಯ ಕಾರಾದರೂ ಅಷ್ಟೆ. ಒಳಗಿನ ಹಿಡಿಯನ್ನು ಎಳೆದರೆ ಎಳೆದಷ್ಟೂ ಬರುತ್ತದೆ, ಬಾಗಿಲು ಮಾತ್ರ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಕಿಟಕಿಯ ಗಾಜು ನಾಲ್ಕು ಬೆರಳು ಇಳಿದು ಅಲ್ಲಿಗೇ ನಿಂತುಬಿಡುತ್ತದೆ, ಹೊರಗಿನ ಹಿಡಿಗೆ ಕೈ ಎಟುಕುವುದಿಲ್ಲ. ಹೊರಗಿನಿಂದ ಯಾರಾದರೂ ಕೈ ಹಾಕಿದರೆ ಸಾಕು, ಏನೂ ಆಗಿಲ್ಲವೆಂಬಂತೆ ಬಾಗಿಲು ತೆರೆದುಕೊಳ್ಳುತ್ತದೆ. ಪೇಟೆಯ ದೊಡ್ಡ ಗ್ಯಾರೇಜಿಗೆ ಒಯ್ದರೆ ಅವರು ನಾಲ್ಕು ಬಾಗಿಲನ್ನೂ ಬಿಚ್ಚಿ ಹೊಸದು ಕೂರಿಸುತ್ತಾರೆ. ಆ ಬೆಲೆಗೆ ಒಂದು ಹಳೆಯ ಕಾರೇ ಬರುತ್ತದೆ. ಮುಂದಿನ ಚಳಿಗಾಲಕ್ಕೆ ಮತ್ತೆ ಅದೇ ಕಥೆ. ಒಮ್ಮೆ ಮಾಡಿಸಿದವರು ಇನ್ನೊಮ್ಮೆ ಆ ಗ್ಯಾರೇಜಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಹಾಗಾಗಿ ನಮ್ಮಲ್ಲಿ ಕಾರಿನಲ್ಲಿ ಬಂದವರು ಕಾರಿನಲ್ಲೇ ಕೂತಿರುತ್ತಾರೆ. ಯಾರ ಮನೆಯ ಮುಂದೆ ನಿಂತಿದೆಯೋ ಆ ಮನೆಯವರು ಬಂದು ಬಾಗಿಲು ತೆಗೆಯಬೇಕು. ಬೇರೆಯವರು ತೆಗೆಯಬಾರದು; ಅದು ಇನ್ನೊಬ್ಬರ ಅಡುಗೆಮನೆಗೆ ನುಗ್ಗಿ ಬಡಿಸಲು ನಿಂತ ಹಾಗೆ. ಅಂಗಡಿ ಬೀದಿಯಲ್ಲಾದರೆ ಯಾರು ಬೇಕಾದರೂ ತೆಗೆಯಬಹುದು. ದಾರಿಯಲ್ಲಿ ಹೋಗುವವರು ತಮ್ಮ ಮಾತು ನಿಲ್ಲಿಸದೆಯೇ ಒಂದು ಬಾಗಿಲು ತೆಗೆದು, ಒಳಗಿದ್ದವರು ಇಳಿದ ಮೇಲೆ ಅದನ್ನು ಮುಚ್ಚಿ ಮುಂದೆ ಹೋಗುತ್ತಾರೆ. ಹೆಣ್ಣು ನೋಡಲು ಯಾರಾದರೂ ಬಂದಾಗ ಹುಡುಗಿಗೆ ಇಷ್ಟವಿಲ್ಲದಿದ್ದರೆ ಮನೆಯಿಂದ ಯಾರೂ ಹೊರಗೆ ಬರುವುದಿಲ್ಲ. ಕಾರು ಸ್ವಲ್ಪ ಹೊತ್ತು ನಿಂತಿದ್ದು ತಿರುಗಿ ಹೋಗುತ್ತದೆ, ಯಾರಿಗೂ ಒಂದು ಕೆಟ್ಟ ಮಾತು ಆಡಬೇಕಾಗಿ ಬರುವುದಿಲ್ಲ. ಗೆದ್ದ ಮೇಲೆ ಮುಖ ತೋರಿಸದ ಪುರಸಭೆಯ ಸದಸ್ಯನೊಬ್ಬ ಮತ್ತೆ ಓಟು ಕೇಳಲು ಬಂದು, ಕೊರಳಿನ ಹಾರ ಬಾಡುವವರೆಗೂ ಒಂದೊಂದು ಮನೆಯ ಮುಂದೆ ಕಾರೊಳಗೇ ಕೂತಿದ್ದು ಹೋದದ್ದನ್ನು ನಾನೇ ನೋಡಿದ್ದೇನೆ. ಇನ್ನು ಜನರಿಲ್ಲದ ಕಡೆ ಕಾರು ನಿಲ್ಲಿಸುವ ಮಾತೇ ಇಲ್ಲ. ಊರಾಚೆ ಗುಡ್ಡವಿದೆ, ಕೆರೆಯಿದೆ. ಕಾರುಳ್ಳವರು ಅವನ್ನು ಗಾಜಿನ ಹಿಂದಿನಿಂದ ನೋಡಿ ಬರುತ್ತಾರೆ.

ನನ್ನದು ಇಸ್ತ್ರಿ ಗಾಡಿ. ಮಂದಾಕಿನಿ ಟೀಚರ ಮನೆಯ ಎದುರಿನ ಹೊಂಗೆ ಮರದ ಕೆಳಗೆ ನಿಲ್ಲಿಸಿಕೊಂಡಿದ್ದೇನೆ. ಮೊಮ್ಮಕ್ಕಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ನನಗೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಸಿದವರು ಆ ಟೀಚರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವರು, ಆದರೂ ಇವತ್ತಿನವರೆಗೆ ನನ್ನನ್ನು ಏಕವಚನದಲ್ಲಿ ಕರೆದವರಲ್ಲ. ಮನೆಯಲ್ಲಿ ಅವರೊಬ್ಬರೇ. ಅವರ ಕಾರು ಬಂದು ನಿಂತಾಗ ಬಾಗಿಲು ತೆಗೆಯುವುದು ನನ್ನ ಕೆಲಸ. ಅಷ್ಟರಮಟ್ಟಿಗೆ ನಾನೂ ಆ ಮನೆಯವಳೇ. ಹಗಲು ಶಾಲೆ ಮುಗಿಸಿ ಬಂದು, ಸಂಜೆ ಅದೇ ಕಾರಿನಲ್ಲಿ ನಾಲೆಯಾಚೆಯ ಇಟ್ಟಿಗೆ ಗೂಡಿಗೆ ಹೋಗಿ ಅಲ್ಲಿನ ಹೆಂಗಸರಿಗೆ ಪಾಠ ಹೇಳಿ ಬರುತ್ತಿದ್ದರು. ಆ ಕಡೆಗೆ ಸಂಜೆಯ ಮೇಲೆ ಬಸ್ಸಿಲ್ಲ, ಕತ್ತಲಲ್ಲಿ ನಡೆದು ಬರುವ ದಾರಿಯೂ ಅಲ್ಲ. ಕಾರಿದ್ದರೆ ಪಾಠ, ಇಲ್ಲದಿದ್ದರೆ ಇಲ್ಲ.

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಮೌನೇಶಾಚಾರಿ ಒಂದು ಹೊಸ ಲಾಕು ಮಾಡಿದ. ಅವನ ಅಪ್ಪ ತಾತಂದಿರು ಕಬ್ಬಿಣದ ಕೆಲಸದವರು, ಇವನು ಕಾರು ರಿಪೇರಿಗೆ ಇಳಿದವನು. ಬಾಗಿಲಿನೊಳಗೆ ಹಿತ್ತಾಳೆಯ ಒಂದು ಸಣ್ಣ ನಾಲಿಗೆ ಕೂರಿಸಿದ, ಒಳಗಿನ ಹಿಡಿ ಎಳೆದರೆ ಬಾಗಿಲು ಟಪ್ಪೆಂದು ತೆರೆದುಕೊಂಡಿತು. ಪೇಟೆಯ ಗ್ಯಾರೇಜಿನ ಖರ್ಚಿಗೆ ಹೋಲಿಸಿದರೆ ಅವನು ಕೇಳಿದ್ದು ಏನೂ ಅಲ್ಲ. ಎಲ್ಲರೂ ಸರತಿಯಲ್ಲಿ ನಿಂತು ಹಾಕಿಸಿಕೊಂಡರು. ಆಮೇಲಿನ ದಿನಗಳನ್ನು ನೋಡಬೇಕಿತ್ತು. ಕಾರಿನಿಂದ ತಮ್ಮಷ್ಟಕ್ಕೆ ತಾವೇ ಇಳಿಯುವುದು, ಮತ್ತೆ ಹತ್ತುವುದು, ಮತ್ತೆ ಇಳಿಯುವುದು. ಮುದುಕರು ಕೂಡ ಕಾರು ನಿಲ್ಲಿಸಿ ಸುಮ್ಮನೆ ಒಮ್ಮೆ ಇಳಿದು ನಿಂತು ನಗುತ್ತಿದ್ದರು. ಮೌನೇಶನನ್ನು ಕಂಡಲ್ಲಿ ಕಾಫಿಗೆ ಕರೆಯುತ್ತಿದ್ದರು, ಗಣಪತಿ ಸಂಘದವರು ಶಾಲು ಹೊದಿಸಿದರು. ಜನ ಗುಡ್ಡಕ್ಕೆ ಹೋದರು, ಕೆರೆ ಏರಿಗೆ ಹೋದರು. ಟೀಚರು ಹಳೆಯ ಕಲ್ಲುಕ್ವಾರಿಯ ಹತ್ತಿರ ಒಂದು ಜಾಗ ಕಂಡುಕೊಂಡರು. ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ಬಂಡೆಯ ಮೇಲೆ ಕೂತು ಬರುತ್ತಿದ್ದರು. ಅಲ್ಲಿ ಏನಿದೆ ಎಂದು ಕೇಳಿದೆ. ಯಾರೂ ಇಲ್ಲ, ಅದೇ ಇರೋದು ಅಂದರು.

ಅಂಥ ಒಂದು ಭಾನುವಾರ, ಮಂಜು ಬಿದ್ದ ಬೆಳಿಗ್ಗೆ, ಕ್ವಾರಿಯ ಅಂಚಿನ ಹಸಿ ಮಣ್ಣಿನಲ್ಲಿ ಅವರ ಕಾರಿನ ಚಕ್ರ ಹೂತುಕೊಂಡಿತು. ಇಳಿದು ಚಕ್ರದ ಕೆಳಗೆ ಎರಡು ಕಲ್ಲು ಕೊಟ್ಟಿದ್ದರೆ ಮುಗಿಯುತ್ತಿತ್ತು. ಹಿಡಿ ಎಳೆದರು, ಬಾಗಿಲು ತೆರೆಯಲಿಲ್ಲ. ಗಾಜು ಒಡೆಯಬಹುದಿತ್ತಲ್ಲ ಎಂದು ಪರವೂರಿನವರು ಕೇಳುತ್ತಾರೆ. ಟೀಚರ ಕೈಯಲ್ಲಿದ್ದದ್ದು ಸೀಮೆಸುಣ್ಣದ ರಟ್ಟಿನ ಡಬ್ಬಿ. ಮಂಜು ಕರಗಿ ಬಿಸಿಲೇರಿತು, ಕಾರು ಒಲೆಯಾಯಿತು. ಮಧ್ಯಾಹ್ನ ಸೌದೆಗೆ ಬಂದ ಇಬ್ಬರು ಹೆಂಗಸರು ಬಾಗಿಲು ತೆಗೆದಾಗ ಟೀಚರಿಗೆ ಪ್ರಜ್ಞೆ ಇರಲಿಲ್ಲ.

ಬದುಕಿದರು. ಆಸ್ಪತ್ರೆಯಿಂದ ಮನೆಗೆ ಬಂದರು, ಶಾಲೆಗೆ ನಡೆದುಕೊಂಡು ಹೋಗಿ ಬರುವಷ್ಟಾದರು. ಆದರೆ ಕಾರಿಗೆ ಬಟ್ಟೆ ಹೊದಿಸಿ ಶೆಡ್ಡಿನಲ್ಲಿ ನಿಲ್ಲಿಸಿಬಿಟ್ಟರು. ಬೇರೆಯವರ ಕಾರಿಗೂ ಹತ್ತಲಿಲ್ಲ. ಎದುರುಮನೆಯ ವೀರಣ್ಣನವರು, ನಾನೇ ಗೂಡಿನವರೆಗೆ ಬಿಟ್ಟು ಬರ್ತೀನಿ ಟೀಚರ್ ಎಂದು ಕರೆದರು. ಇವರು ಬಾಗಿಲಿಗೆ ಕೈಯಿಟ್ಟವರು ಹಾಗೇ ಹಿಂದೆ ಸರಿದು, ತಲೆ ನೋಯ್ತಾ ಇದೆ ಎಂದು ಒಳಗೆ ಹೋದರು. ಗೂಡಿನ ಪಾಠ ನಿಂತಿತು.

ಟೀಚರು ಸಿಕ್ಕಿಕೊಂಡ ಆ ವಾರದಲ್ಲೇ ಎಲ್ಲರ ಲಾಕುಗಳೂ ಒಂದೊಂದಾಗಿ ಕೆಟ್ಟವು. ಮೌನೇಶ ತೆಗೆದುಕೊಂಡ ಹಣವನ್ನೆಲ್ಲ ಎಲ್ಲರಿಗೂ ಹಿಂದಿರುಗಿಸಿದ. ಆದರೆ ಊರು ಅವನಿಗೆ ಬಾಗಿಲು ತೆಗೆಯುವುದನ್ನು ನಿಲ್ಲಿಸಿತು. ಯಾರೂ ಕೂತು ಮಾತಾಡಿ ತೀರ್ಮಾನ ಮಾಡಿದ್ದಲ್ಲ. ಅಂಗಡಿ ಬೀದಿಯಲ್ಲಿ ಅವನ ಕಾರು ನಿಂತರೆ ಎಲ್ಲರಿಗೂ ಆಗಲೇ ಬೇರೆ ಏನೋ ಕೆಲಸ ನೆನಪಾಗುತ್ತಿತ್ತು. ಲಾಕು ಕೆಡುವುದು ಅವನಿಗೆ ಹಿಂದಿನ ದಿನವೇ ಗೊತ್ತಿತ್ತು ಎಂದು ಒಬ್ಬರು, ಇರಲಾರದು ಎಂದು ಇನ್ನೊಬ್ಬರು. ಗ್ಯಾರೇಜಿಗೆ ಬರುವವರು ನಿಂತರು. ಹೆಂಡತಿ ಕಾಳಮ್ಮ ತವರಿನ ಊರಿಗೆ ಹೋಗಿಬಿಡೋಣ ಎಂದು ಹಟ ಹಿಡಿದಿದ್ದಾಳೆ ಎಂದು ಕೇಳಿದೆ. ಅವನು ಹೋಗಲಿಲ್ಲ. ದಿನಾ ಸಂಜೆ ಕಾರು ತಂದು ಟೀಚರ ಮನೆಯ ಮುಂದೆ, ತಾನು ಕೂತ ಕಡೆಯ ಬಾಗಿಲು ಅವರ ಹೊಸ್ತಿಲಿಗೆ ಎದುರಾಗುವಂತೆ ನಿಲ್ಲಿಸಿಕೊಂಡು ಕೂರುತ್ತಿದ್ದ. ದೀಪ ಹಚ್ಚುವ ಹೊತ್ತಿನವರೆಗೆ ಕೂತು ಹೋಗುತ್ತಿದ್ದ. ತಪ್ಪಾಯಿತು ಎನ್ನುವ ಮಾತನ್ನು ನಮ್ಮಲ್ಲಿ ಗಾಜಿನ ಸಂದಿನಿಂದ ಹೇಳುವುದಿಲ್ಲ. ಇಳಿದು ನಿಂತು ಹೇಳಬೇಕು.

ನಾನು ತೆಗೆದರೆ ತೆಗೆಯಬಹುದಿತ್ತು. ಟೀಚರ ಮಾತಿಲ್ಲದೆ ತೆಗೆಯುವುದು ಸರಿಯಲ್ಲ ಎಂದು ಕೈ ಕಟ್ಟಿಕೊಂಡಿದ್ದೆ. ಎಲೆ ಅಡಿಕೆ ಮಡಚಿ ಸಂದಿನಿಂದ ಕೊಡುತ್ತಿದ್ದೆ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಒಂದು ದಿನ ಅವನು, ಇವತ್ತಾದರೂ ತೆಗೆಯಬಹುದಾ ಅವ್ವಾ ಎಂದು ಕೇಳಿದ.

"ನನ್ನೇನ್ ಕೇಳ್ತೀಯಪ್ಪ," ಅಂದೆ. "ಬಾಗಿಲು ತೆಗಿಯೋಕೆ ಇನ್ಮೇಲೆ ಯಾರೂ ಬೇಡ ಅಂದೋನು ನೀನು."

ಅವನು ಎಲೆ ಅಗಿಯುತ್ತಾ ನಕ್ಕ. ನಗು ಅರ್ಧಕ್ಕೇ ನಿಂತಿತು. ನನಗೆ ಪಾಪ ಎನ್ನಿಸಿತು, ಜೊತೆಗೆ ಟೀಚರು ಆಸ್ಪತ್ರೆಯ ಮಂಚದ ಮೇಲೆ ಒಡೆದ ತುಟಿ ಸವರಿಕೊಳ್ಳುತ್ತಿದ್ದದ್ದೂ ಕಣ್ಣ ಮುಂದೆ ಬಂತು. ಎರಡನ್ನೂ ಇಟ್ಟುಕೊಂಡು ಒಂದು ಸೀರೆಗೆ ಇಸ್ತ್ರಿ ಹಾಕಿದೆ.

ಹೊಂಗೆ ಚಿಗುರುವ ಕಾಲಕ್ಕೆ ಗೂಡಿನಿಂದ, ಅಲ್ಲಿ ಪಾಠಕ್ಕೆ ಕೂರುತ್ತಿದ್ದ ದೇವೀರಮ್ಮ ನಡೆದುಕೊಂಡೇ ಬಂದಳು. ಟೀಚರ ಹತ್ತಿರ ಹೋಗಲು ಅಳುಕಿ ನನ್ನ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಪಾಠ ನಿಂತ ಮೇಲೆ ಕಲಿತದ್ದೆಲ್ಲ ಸೋರಿಹೋಗುತ್ತಿದೆ ಎಂದು ಹೇಳಿಕೊಂಡಳು.

"ಬಸ್ಸಿನ ಬೋರ್ಡು ಅರ್ಧ ಓದಕ್ಕೆ ಬತ್ತದೆ ಅವ್ವಾ. ಇನ್ನರ್ಧ ಕೂಡಿಸೋ ಹೊತ್ಗೆ ಬಸ್ಸೇ ಹೊಂಟೋಗಿರ್ತದೆ."

ಆಮೇಲೆ ಬಂದ ಕಾರಣ ಹೇಳಿದಳು. ಪಾಠ ನಡೆಯುತ್ತಿದ್ದ ಶೆಡ್ಡಿಗೆ ಗೂಡಿನ ಸಾಹುಕಾರರು ಸೋಮವಾರದಿಂದ ಕಲ್ಲಿದ್ದಲು ತುಂಬಿಸುತ್ತಾರಂತೆ. ಪಾಠ ನಡೆಯುತ್ತಿದ್ದರೆ ಮುಟ್ಟುವುದಿಲ್ಲ, ಖಾಲಿ ಬಿದ್ದ ಜಾಗವನ್ನು ಯಾಕೆ ಬಿಡಲಿ ಎಂದರಂತೆ. ಒಮ್ಮೆ ಕಲ್ಲಿದ್ದಲು ಬಿದ್ದರೆ ಆ ಜಾಗ ಮತ್ತೆ ಸಿಗುವುದಿಲ್ಲ. ಅವತ್ತು ಶುಕ್ರವಾರ.

ನಾನು ಇಸ್ತ್ರಿಯ ಬಟ್ಟೆ ಕೊಡುವ ನೆವದಲ್ಲಿ ಒಳಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಟೀಚರು ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಕಾರಿಗೆ ಹತ್ತಲು ಮನಸ್ಸಿಲ್ಲದೆ ಅಲ್ಲ, ಬಾಗಿಲು ಮುಚ್ಚಿದ ಸದ್ದು ಕೇಳಿದರೆ ಉಸಿರು ಕಟ್ಟುತ್ತದೆ ಎಂದರು. ಅವರು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ಎದ್ದು ಗಾಡಿಗೆ ಬಂದೆ.

ಭಾನುವಾರ ಸಂಜೆ ಮೌನೇಶ ಎಂದಿನಂತೆ ಬಂದು ನಿಂತ. ನಾನು ಕೆಂಡ ಆರಿಸುತ್ತಿದ್ದೆ. ಟೀಚರ ಮನೆಯ ಬಾಗಿಲು ತೆರೆಯಿತು. ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಅವರು ಹೊರಗೆ ಬಂದರು. ವೀರಣ್ಣನವರು ಜಗಲಿಯಲ್ಲಿ ಎದ್ದು ನಿಂತರು. ಹೂವಿನವಳು ಮೊಳ ಹಾಕುತ್ತಿದ್ದ ಕೈ ಹಾಗೇ ಹಿಡಿದಳು. ಮೌನೇಶ ಒಳಗೆ ಸೆಟೆದು ಕೂತ, ಅಂಗಿಯ ಗುಂಡಿ ಹಾಕಿಕೊಂಡ. ಟೀಚರು ಅವನ ಬಾಗಿಲಿನವರೆಗೆ ಬಂದರು. ಕೈಯೆತ್ತಿದರು. ಆ ಬಾಗಿಲು ತೆಗೆಯಲಿಲ್ಲ. ಅದರ ಹಿಂದಿನ ಬಾಗಿಲು ತೆಗೆದು, ಒಳಗೆ ಹತ್ತಿ ಕೂತು, ತಮ್ಮ ಕೈಯಿಂದಲೇ ಎಳೆದು ಮುಚ್ಚಿಕೊಂಡರು.

ಬೀದಿಗೆ ಬೀದಿಯೇ ದಿಕ್ಕು ತೋಚದೆ ನಿಂತಿತು. ಕಾರು ನಿಂತಿರುವುದು ಟೀಚರ ಮನೆಯ ಮುಂದೆ, ಬಾಗಿಲು ತೆಗೆಯಬೇಕಾದವರು ಟೀಚರು, ಅವರೇ ಒಳಗೆ ಕೂತಿದ್ದಾರೆ. ಇಂಥದ್ದಕ್ಕೆ ನಮ್ಮಲ್ಲಿ ಕ್ರಮವೇ ಇಲ್ಲ. ವೀರಣ್ಣನವರು ನನ್ನ ಮುಖ ನೋಡಿದರು, ನಾನು ಕೆಂಡ ನೋಡಿದೆ. ಗಾಜಿನ ಸಂದಿನಿಂದ ಟೀಚರ ದನಿ ಬಂತು.

"ಸಣ್ಣಮ್ಮನೋರೇ, ಗಾಡಿ ಮುಚ್ಚಿ ಬರ್ತೀರಾ? ಗೂಡಿಗೆ ಹೋಗ್ಬೇಕು."

ನಾನು ಆ ಕಡೆಯಿಂದ ಹೋಗಿ ಮೌನೇಶನ ಪಕ್ಕದ ಸೀಟಿಗೆ ಹತ್ತಿದೆ. ಇಷ್ಟು ವರ್ಷ ಬಾಗಿಲು ತೆಗೆದವಳೇ ಹೊರತು ಒಳಗೆ ಕೂತವಳಲ್ಲ. ಮುಚ್ಚಿಕೊಂಡ ಕೂಡಲೇ ಹೊರಗಿನ ಸದ್ದೆಲ್ಲ ದೂರ ಹೋಯಿತು. ಟೀಚರಿಗೆ ಏನಾಗುತ್ತಿರಬಹುದೆಂದು ಆಗ ಸ್ವಲ್ಪ ಅಂದಾಜಾಯಿತು. ಕನ್ನಡಿಯಲ್ಲಿ ನೋಡಿದೆ. ಚೀಲವನ್ನು ಎದೆಗೆ ಅವುಚಿಕೊಂಡು ಕಣ್ಣು ಮುಚ್ಚಿದ್ದರು. ಮೌನೇಶ ಏನೋ ಹೇಳಲು ತಿರುಗಿದ. ಮೊದಲು ನಡೀರಿ ಎಂದರು.

ಅಂಗಡಿ ಬೀದಿ ದಾಟಿದೆವು. ಕಾರನ್ನು ಗುರುತು ಹಿಡಿದು ಮುಖ ತಿರುಗಿಸಿದ ಜನ, ಒಳಗೆ ಯಾರಿದ್ದಾರೆಂದು ಕಂಡು ಮತ್ತೆ ತಿರುಗಿ ನೋಡುತ್ತಿದ್ದರು. ನಾಲೆ ದಾಟಿ ಗೂಡಿನ ಹತ್ತಿರ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಕಾರು ಶೆಡ್ಡಿನ ಮುಂದೆ ನಿಂತಿತು. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಲೆಗಳಲ್ಲಿ ಹೊಗೆಯಿಲ್ಲ, ಗುಡಿಸಲುಗಳ ತಡಿಕೆ ಬಾಗಿಲು ಎಳೆದಿತ್ತು. ಭಾನುವಾರ ಸಂತೆ. ಎಲ್ಲರೂ ಸಂತೆಗೆ ಹೋಗಿದ್ದಾರೆ ಎನ್ನುವುದು ನಮ್ಮ ಮೂವರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ತಿರುಗಿ ಹೋಗೋಣವೇ ಎಂದು ಮೌನೇಶ ಕೇಳಿದ. ಟೀಚರ ಉಸಿರು ಜೋರಾಗಿ ಕೇಳಿಸುತ್ತಿತ್ತು. ನಾನು ಸೀಟಿನ ಸಂದಿನಿಂದ ಕೈ ಹಿಂದಕ್ಕೆ ಚಾಚಿದೆ. ಅವರು ಹಿಡಿದುಕೊಂಡರು. ಕೈ ತಣ್ಣಗಿತ್ತು, ಬೆವರಿತ್ತು. ಬೇಡ, ನಾಳೆ ಕಲ್ಲಿದ್ದಲು ಬರುತ್ತೆ, ಇರೋಣ ಎಂದರು. ಆಮೇಲೆ ಅವರೇ ಶುರು ಮಾಡಿದರು.

"ಆಚಾರ್ರೇ, ನಾನು ಕ್ವಾರೀಲಿ ಸಿಕ್ಕಿಹಾಕ್ಕೊಂಡ ಹಿಂದಿನ ದಿನ ಏನಾಯ್ತು ಹೇಳಿ. ಲಾಕಿನ ಮಾತು ಬೇಡ. ನಿಮ್ಮ ಮಾತು ಹೇಳಿ."

ಮೌನೇಶ ಸ್ಟಿಯರಿಂಗನ್ನೇ ನೋಡುತ್ತಿದ್ದ. ಇಳಿದು ಹೋಗುವ ಹಾಗಿಲ್ಲ. ಇವರೂ ಎದ್ದು ಹೋಗುವ ಹಾಗಿಲ್ಲ.

"ಹಿಂದಿನ ಸಂಜೆ ನನ್ ಕಾರಲ್ಲಿ ನಾನೇ ಸಿಕ್ಕಾಕ್ಕೊಂಡೆ ಟೀಚರ್. ನಾನೇ ಹಾಕಿದ್ ಲಾಕು. ಕಾಳಮ್ಮ ಬಂದು ತೆಗೆದ್ಲು. ಅವ್ಳಿಗೂ ಹೇಳ್ಲಿಲ್ಲ, ಸುಮ್ನೆ ಕೂತಿದ್ದೆ ಅಂದೆ. ಬೆಳಗಾಗೋದ್ರೊಳಗೆ ಬೇರೆ ನಾಲಿಗೆ ಮಾಡಿ, ಒಂದೊಂದೇ ಕಾರಿಗೆ ಸದ್ದಿಲ್ದಂಗೆ ಹಾಕ್ಬಿಡಾಣ ಅಂತ ಅರ ಹಿಡ್ಕೊಂಡು ಕೂತೆ. ಎದ್ದು ಬೀದೀಲಿ ಒಂದ್ ಸುತ್ತು ಹೇಳ್ಕೊಂಡು ಬಂದಿದ್ರೆ ಸಾಕಿತ್ತು."

"ಯಾಕೆ ಹೇಳ್ಲಿಲ್ಲ?"

"ಎಲ್ರೂ ಹೊಗಳ್ತಾ ಇದ್ರು," ಎಂದ ಅವನು. ಆಮೇಲೆ, "ತಪ್ಪಾಯ್ತು. ಇಳಿದು ನಿಂತು ಹೇಳ್ಬೇಕಿತ್ತು. ಕೂತೇ ಹೇಳ್ತಿದೀನಿ," ಎಂದ.

ಟೀಚರು ನನ್ನ ಕೈ ಬಿಟ್ಟರು. ಸಿಟ್ಟು ಬಂತೆಂದುಕೊಂಡೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಗಾಜಿನ ಸಂದಿಗೆ ಮುಖ ಇಟ್ಟು ಎರಡು ಸಲ ಗಾಳಿ ತೆಗೆದುಕೊಂಡರು.

"ಆವತ್ತು ನಾನು ಹಾರನ್ ಒತ್ತಲಿಲ್ಲ, ಗೊತ್ತಾ?" ಎಂದರು. "ರಸ್ತೇಲಿ ಒಂದು ಗಾಡಿ ಹೋದ ಸದ್ದು ಕೇಳ್ತು. ಒತ್ತಿದ್ರೆ ಬರ್ತಿದ್ರೋ ಏನೋ. ನಾಚಿಕೆ ಆಯ್ತು. ಯಾರೂ ಬೇಡ ಅಂತ ಬಂದು ಕೂತೋಳು, ಈಗ ಬನ್ನಿ ಅಂತ ಹೇಗೆ ಕರೀಲಿ ಅಂತ. ಆಮೇಲೆ ಒತ್ತೋಣ ಅಂದ್ರೆ ಕೈ ಏಳಲಿಲ್ಲ."

ಇದನ್ನು ಅವರು ಡಾಕ್ಟರಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ಮೌನೇಶ ಮೊದಲ ಸಲ ಹಿಂದಕ್ಕೆ ತಿರುಗಿ ಅವರ ಮುಖ ನೋಡಿದ. ಕತ್ತಲು ಇಟ್ಟಿಗೆಯ ಸಾಲುಗಳ ನಡುವೆ ತುಂಬತೊಡಗಿತ್ತು. ನನಗೆ ಕಾಯುವುದು ಅಭ್ಯಾಸ. ಇಸ್ತ್ರಿಪೆಟ್ಟಿಗೆ ಕಾಯಲೂ ಕಾಯಬೇಕು, ಆರಲೂ ಕಾಯಬೇಕು. ಟೀಚರ ಉಸಿರು ಮಾತ್ರ ಕಿವಿಗೊಟ್ಟು ಕೇಳುತ್ತಿದ್ದೆ. ಅದು ನಿಧಾನವಾಗುತ್ತಾ ಬಂದಿತ್ತು.

ಆಮೇಲೆ ನಾಲೆಯ ಏರಿಯ ಮೇಲೆ ಮಾತು, ನಗು ಕೇಳಿಸಿತು. ಸಂತೆಯ ಗಂಟು ತಲೆಯ ಮೇಲಿಟ್ಟುಕೊಂಡು ಹೆಂಗಸರ ಸಾಲು ಇಳಿದು ಬರುತ್ತಿತ್ತು. ಮುಂದಿದ್ದವಳು ಕಾರು ಕಂಡು ನಿಂತಳು. ದೇವೀರಮ್ಮ. ಗಾಜಿನ ಸಂದಿಗೆ ಬಗ್ಗಿ ನೋಡಿ, ಗಂಟನ್ನು ಅಲ್ಲೇ ನೆಲಕ್ಕೆ ಹಾಕಿ, ಹಿಂದಿನ ಬಾಗಿಲು ತೆಗೆದಳು.

"ಎಷ್ಟೊತ್ತಾಯ್ತು ಬಂದು? ಹೇಳಿ ಕಳ್ಸೋದಲ್ವಾ ನಮ್ಮವ್ವ," ಎಂದು ಬೈಯುತ್ತಲೇ ಕೈ ಕೊಟ್ಟು ಇಳಿಸಿಕೊಂಡು ಬಾಗಿಲು ಮುಚ್ಚಿದಳು.

ಟೀಚರು ನೆಲದ ಮೇಲೆ ನಿಂತರು. ಕಾರಿಗೆ ಒರಗಿಕೊಂಡರು. ಹೆಂಗಸರು ಸುತ್ತ ನೆರೆದರು. ಶೆಡ್ಡಿನಲ್ಲಿ ದೀಪ ಹಚ್ಚಲು ಯಾರೋ ಓಡಿದರು. ಟೀಚರು ಎರಡು ಹೆಜ್ಜೆ ಮುಂದೆ ಬಂದು ಮೌನೇಶನ ಬಾಗಿಲು ತೆಗೆದರು.

"ಇಳೀರಿ ಆಚಾರ್ರೇ," ಎಂದರು. "ಬೋರ್ಡು ಗೋಡೆಗೆ ಒರಗಿಸಿಟ್ಟಿದಾರೆ. ಅದನ್ನ ಎತ್ತಿ ನಿಲ್ಲಿಸೋಕೆ ಒಬ್ರ ಕೈಲಿ ಆಗಲ್ಲ."

ಅವನು ಇಳಿದ. ಕಾಲು ಜೋಮು ಹಿಡಿದಿತ್ತೋ ಏನೋ, ಒಮ್ಮೆ ಮುಗ್ಗರಿಸಿ ಸಾವರಿಸಿಕೊಂಡ. ರೂಢಿಯಂತೆ ತನ್ನ ಬಾಗಿಲನ್ನೂ ಮುಚ್ಚಿದ. ಇಬ್ಬರೂ ಒಳಗೆ ಹೋದರು, ಅವರ ಹಿಂದೆ ಹೆಂಗಸರೆಲ್ಲ ಹೋದರು. ದೀಪದ ಬೆಳಕಿನಲ್ಲಿ ಬೋರ್ಡಿನ ಒಂದು ಕೊನೆ ಅವನು, ಇನ್ನೊಂದು ಕೊನೆ ಇವರು ಹಿಡಿದು ಎತ್ತುವುದು ಕಂಡಿತು. ಯಾರೋ ಸೆರಗಿನಿಂದ ಅದರ ಧೂಳು ಒರೆಸಿದರು. ಸೀಮೆಸುಣ್ಣ ಕಿರ್ರೆಂದಿತು. ಒಬ್ಬೊಬ್ಬರಾಗಿ ಓದತೊಡಗಿದರು, ತಡವರಿಸಿದರು, ನಕ್ಕರು, ಮತ್ತೆ ಮೊದಲಿನಿಂದ ಓದಿದರು.

ನಾನಿನ್ನೂ ಕಾರಿನಲ್ಲೇ ಇದ್ದೆ. ಯಾರಿಗೂ ನೆನಪಿರಲಿಲ್ಲ. ಪಕ್ಕಕ್ಕೆ ಕೈ ಚಾಚಿದರೆ ಹಾರನ್ನು ಸಿಗುತ್ತಿತ್ತು. ಒತ್ತಿದರೆ ಓಡಿ ಬರುತ್ತಿದ್ದರು, ಬಂದರೆ ಪಾಠ ನಿಲ್ಲುತ್ತಿತ್ತು. ನಾನು ಕಾಲು ಚಾಚಿಕೊಂಡು, ಗಾಜಿನ ಸಂದಿಗೆ ಕಿವಿಯಿಟ್ಟು ಕೂತೆ.